ಪದಚರ್ಚೆ: ನೆಟ್ಟ ಹಲ್ಲು ‘ಹಿಡಿಯಲಿಲ್ಲ’ ಅನ್ನೋಣವೋ, ‘ಆರಂಭಿಕ ವೈಫಲ್ಯ’ ಅನ್ನೋಣವೋ?

ಬಳಗದವರಿಗೆ ನಮಸ್ಕಾರ.

ಪರಿಚಯದ ದಂತವೈದ್ಯರೊಬ್ಬರು ತಮ್ಮ ಕ್ಲಿನಿಕ್ಕಿಗೆ ಬರುವವರ ಕೈಗೆ ಕೊಡಲು ಒಂದು ಪುಟದ ಕನ್ನಡ ಚೀಟಿ ಬರೆದುಕೊಡಿ ಎಂದಿದ್ದರು. ವಿಷಯ ಇಷ್ಟೆ: ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಕೂರಿಸುವ ಮುಂಚೆ ಆ್ಯಂಟಿಬಯೋಟಿಕ್ ಯಾಕೆ ನುಂಗಬೇಕು, ಎಷ್ಟು, ಯಾವಾಗ. ನಾನು ಅಭ್ಯಾಸಬಲದಿಂದ ತಲೆಬರಹ ಹಾಕಿದೆ: ‘ದಂತ ಕಸಿಯ ಆರಂಭಿಕ ವೈಫಲ್ಯ ತಡೆಗಟ್ಟಲು ಪ್ರತಿಜೀವಕಗಳ ಬಳಕೆ’. ವ್ಯಾಕರಣ ಸರಿಯಾಗಿಯೇ ಇದೆ. ಹಾಸನದಿಂದ ಬಂದಿದ್ದ ಚಿಕ್ಕಮ್ಮನಿಗೆ ಓದಲು ಕೊಟ್ಟೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ‘ಯಾರ ಹಲ್ಲೋ ಇದು? ಸತ್ತೋರದಾ?’ ಅಂದರು.

ತಪ್ಪು ಅವರದ್ದಲ್ಲ. ಕಿಡ್ನಿ ಕಸಿ, ಹೃದಯ ಕಸಿ ಎಂದು ದಿನಾ ಓದುವವರಿಗೆ ಕಸಿ ಎಂದೊಡನೆ ಇನ್ನೊಬ್ಬರ ಅಂಗ ನೆನಪಾಗುತ್ತದೆ. ತೋಟದ ಕಸಿಯೂ ಹಾಗೇ, ಜೀವವಿರುವ ಕುಡಿಯನ್ನು ಜೀವವಿರುವ ಬುಡಕ್ಕೆ ಸೇರಿಸಿ ಕಟ್ಟುವುದು. ಇಂಪ್ಲಾಂಟ್ ಅನ್ನುವುದೋ ದವಡೆಯ ಮೂಳೆಗೆ ತಿರುಗಿಸಿ ಕೂರಿಸುವ ಟೈಟಾನಿಯಂ ತಿರುಪು. ಅದಕ್ಕೆ ಜೀವವೂ ಇಲ್ಲ, ದಾನಿಯೂ ಇಲ್ಲ. (ಕಿತ್ತುಕೊಳ್ಳುವ ‘ಕಸಿ’ಯೂ ನಮ್ಮಲ್ಲಿದೆ ಎಂಬುದನ್ನು ದಂತವೈದ್ಯರ ವಿಷಯದಲ್ಲಿ ಮರೆಯುವಂತಿಲ್ಲ. ‘ಹಲ್ಲು ಕಸಿಯುವ ಡಾಕ್ಟರು’ ಎಂದರೆ ರೋಗಿ ಓಡಿಯೇ ಹೋದಾನು.)

ಹಾಗಾಗಿ ‘ನೆಡು’ ಹಿಡಿದೆ. ಸಸಿ ನೆಡುತ್ತೇವೆ, ಕಲ್ಲುಕಂಬವನ್ನೂ ನೆಡುತ್ತೇವೆ, ಜೀವ ಇದ್ದದ್ದಕ್ಕೂ ಇಲ್ಲದ್ದಕ್ಕೂ ಆ ಪದ ಒಗ್ಗುತ್ತದೆ. ‘ಕಟ್ಟಿಸಿದ ಹಲ್ಲು’ ಎಂಬ ಮಾತು ಹೇಗೂ ಬಳಕೆಯಲ್ಲಿದೆ, ಪಕ್ಕದಲ್ಲಿ ‘ನೆಟ್ಟ ಹಲ್ಲು’ ನಿಂತರೆ ಎರಡರ ಭೇದವೂ ತಿಳಿಯುತ್ತದೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರು ‘ಸ್ಕ್ರೂ ಹಲ್ಲು’ ಎನ್ನುತ್ತಾರೆ, ಅದಕ್ಕೂ ನನ್ನ ತಕರಾರಿಲ್ಲ.

ನೆಡು ಬಂದ ಮೇಲೆ ‘ಆರಂಭಿಕ ವೈಫಲ್ಯ’ಕ್ಕೂ ದಾರಿ ಕಂಡಿತು. ವೈದ್ಯರು ಹೇಳಿದ ವಿವರ ಹೀಗಿದೆ. ತಿರುಪು ಕೂರಿಸಿದ ಮೇಲೆ ಕೆಲವು ತಿಂಗಳಲ್ಲಿ ಸುತ್ತಲ ಮೂಳೆ ಬೆಳೆದು ಲೋಹವನ್ನು ಬಿಗಿಯಾಗಿ ಅಪ್ಪಿಕೊಳ್ಳಬೇಕು. ಹಾಗಾಗದೆ ತಿರುಪು ಅಲುಗಾಡತೊಡಗಿದರೆ ಅದು ಆರಂಭಿಕ ವೈಫಲ್ಯ. ಮೂಳೆ ಸರಿಯಾಗಿ ಅಪ್ಪಿ, ಮೇಲೆ ಹಲ್ಲೂ ಕೂತು, ವರ್ಷಗಟ್ಟಲೆ ಅಗಿದುಂಡ ಮೇಲೆ ಸಡಿಲವಾದರೆ ಅದು ‘ತಡವಾದ ವೈಫಲ್ಯ’, ಬೇರೆ ಕಥೆ, ಅದರ ಕಾರಣಗಳೂ ಬೇರೆ. ಆಪರೇಷನ್ನಿಗೆ ಮುಂಚಿನ ಮಾತ್ರೆಯ ಮಾತು ಬರುವುದು ಮೊದಲನೆಯದರಲ್ಲಿ. ‘ಆರಂಭಿಕ’ ಎಂಬ ವಿಶೇಷಣ ಈ ಗೆರೆಯನ್ನು ಎಳೆಯುವುದೇ ಇಲ್ಲ, ಎಷ್ಟು ದಿನದವರೆಗೆ ಆರಂಭ ಎಂದು ಓದುವವರು ತಲೆ ಕೆರೆದುಕೊಳ್ಳಬೇಕು. ಆದರೆ ತೆಂಗಿನ ಸಸಿ ನೆಟ್ಟವರನ್ನು ಕೇಳಿ ನೋಡಿ: ‘ಹತ್ತು ನೆಟ್ಟೆ, ಎರಡು ಹಿಡಿಯಲಿಲ್ಲ’ ಎನ್ನುತ್ತಾರೆ. ಬೇರು ಬಿಟ್ಟು ಬೆಳೆದು ಐದನೇ ವರ್ಷಕ್ಕೆ ಒಣಗಿದ ಮರಕ್ಕೆ ಯಾರೂ ‘ಹಿಡಿಯಲಿಲ್ಲ’ ಅನ್ನುವುದಿಲ್ಲ, ‘ಹೋಯಿತು’ ಅನ್ನುತ್ತಾರೆ. ವೈದ್ಯರು ಎರಡು ಪಾರಿಭಾಷಿಕ ಪದಗಳಲ್ಲಿ ಬೇರೆ ಮಾಡಿದ್ದನ್ನು ನಮ್ಮ ತೋಟದ ಮಾತು ಒಂದೊಂದು ಕ್ರಿಯಾಪದದಲ್ಲಿ ಬೇರೆ ಮಾಡಿ ಇಟ್ಟುಕೊಂಡಿದೆ.

ಅಸಲಿಗೆ ಈ ವಿದ್ಯೆ ಹುಟ್ಟಿದ್ದೂ ‘ಹಿಡಿದುಕೊಂಡ’ದ್ದರಿಂದಲೇ. 1950ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಉಪಕರಣ ಕೂರಿಸಿದ್ದರು. ಮೂಳೆಯೊಳಗಿನ ರಕ್ತಸಂಚಾರ ನೋಡುವುದು ಅವರ ಉದ್ದೇಶವಾಗಿತ್ತು. ಕೊನೆಗೆ ಬಿಡಿಸಹೋದರೆ ಅದು ಬರಲೇ ಇಲ್ಲ, ಮೂಳೆ ಹಿಡಿದುಕೊಂಡಿತ್ತು. 1965ರಲ್ಲಿ ಅದೇ ತತ್ತ್ವದ ಮೇಲೆ ಮೊದಲ ಸಲ ಮನುಷ್ಯರ ದವಡೆಗೆ ತಿರುಪು ಕೂರಿಸಿದರು. ಮೂಳೆ ಹೀಗೆ ಲೋಹವನ್ನು ಹಿಡಿದುಕೊಳ್ಳುವುದಕ್ಕೆ ನಮ್ಮಲ್ಲಿ ‘ಅಸ್ಥಿಸಂಯೋಜನೆ’ ಎಂದು ಬರೆಯುವುದುಂಟು. ಮುರಿದ ಮೂಳೆಗೆ ‘ಕೂಡಿಕೊಂಡಿತು’ ಎನ್ನುತ್ತೇವಲ್ಲ, ಅದು ಮೂಳೆಗೆ ಮೂಳೆ ಸೇರಿದಾಗ. ಮೂಳೆ ಲೋಹಕ್ಕೆ ಸೇರಿದಾಗ ‘ಹಿಡಿ’ಯೇ ಸರಿ ಎಂದು ನನ್ನ ಮತ.

ಇನ್ನು ಔಷಧದ ಹೆಸರು. ‘ಪ್ರತಿಜೀವಕ’ ಎಂದರೆ ಜೀವಕ್ಕೆ ವಿರುದ್ಧವಾದದ್ದೇ ಎಂದು ಚಿಕ್ಕಮ್ಮ ಕೇಳಿದರು. ಹಾಗಾದರೆ ‘ನಂಜು ತಡೆಯುವ ಮಾತ್ರೆ’ ಎಂದು ಬರೆದೆ. ಓದಲು ಹಿತವಾಗಿತ್ತು, ಆದರೆ ಮೂರು ಕಡೆ ಎಡವಿತು. ಒಂದು, ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಕೂಡ ಅದೇ ಚೀಟಿಯಲ್ಲಿದೆ, ‘ನಂಜುನಿರೋಧಕ’ ಎಂಬುದನ್ನು ಅಂಥವಕ್ಕೇ ಬಳಸಿಬಿಟ್ಟಿದ್ದೇವೆ. ಎರಡನೆಯದು, ನಂಜು ಎಂದರೆ ನಮ್ಮ ಕಡೆ ಪಥ್ಯ. ‘ಬದನೆಕಾಯಿ ನಂಜು, ಗಾಯ ಇದ್ದಾಗ ತಿನ್ನಬೇಡ’ ಎಂದು ಕೇಳಿ ಬೆಳೆದವರು ಮಾತ್ರೆ ನುಂಗಿದ ಮೇಲೆ ಬದನೆಕಾಯಿಗೆ ಅಡ್ಡಿಯಿಲ್ಲ ಎಂದು ತಿಳಿದರೆ ಆಶ್ಚರ್ಯವಿಲ್ಲ.

ಮೂರನೆಯದನ್ನು ನಾನು ಊಹಿಸಿಯೇ ಇರಲಿಲ್ಲ. ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯವರು 2013ರಲ್ಲಿ ಆರು ಪ್ರಯೋಗಗಳನ್ನು, ಒಟ್ಟು 1162 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಮೊದಲೇ ಆ್ಯಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ತಿರುಪು ಹಿಡಿಯದೆ ಹೋದದ್ದು ಕಡಿಮೆ. ಆದರೆ ಸೋಂಕಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದಮೇಲೆ ‘ನಂಜು ತಡೆಯುವ ಮಾತ್ರೆ’ ಎಂದರೆ ಸಿದ್ಧವಾಗದ್ದನ್ನು ಹೇಳಿದ ಹಾಗೆ! ಸಿದ್ಧವಾದದ್ದನ್ನು ಹೇಳುವುದಾದರೆ ‘ನೆಟ್ಟ ಹಲ್ಲು ಹಿಡಿಯಲೆಂದು ಕೊಡುವ ಮಾತ್ರೆ’ ಎನ್ನಬೇಕು. ಔಷಧದ ಹೆಸರಿಗೆ ‘ಆ್ಯಂಟಿಬಯೋಟಿಕ್’ ಎಂದೇ ಬರೆದೆ. ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಹೇಳುವ ಪದ ಅದೇ.

ಅದೇ ಲೆಕ್ಕಾಚಾರದಿಂದ ಬಂದ ಇನ್ನೊಂದು ವಾಕ್ಯ: ‘25 ಜನರಿಗೆ ಈ ಮಾತ್ರೆ ಕೊಟ್ಟರೆ ಒಬ್ಬರ ಹಲ್ಲು ಉಳಿಯುತ್ತದೆ.’ ಉಳಿದ 24 ಜನರದ್ದು ಬಿದ್ದೇಹೋಗುತ್ತದೆ ಎಂಬ ಅರ್ಥ ಬಂತು! ಅವರಲ್ಲಿ ಬಹುಪಾಲು ಜನರಿಗೆ ಮಾತ್ರೆ ಇಲ್ಲದೆಯೂ ಹಿಡಿಯುತ್ತಿತ್ತು. ಈಗ ‘ಮಾತ್ರೆ ಕೊಡದಿದ್ದರೆ ಹಿಡಿಯದೆ ಹೋಗುತ್ತಿದ್ದದ್ದು, ಪ್ರತಿ 25 ಜನರಲ್ಲಿ ಒಬ್ಬರಿಗೆ ಹಿಡಿಯುತ್ತದೆ’ ಎಂದು ತಿದ್ದಿದ್ದೇನೆ. ಉದ್ದವಾಯಿತು. ಇದಕ್ಕಿಂತ ಚುಟುಕಾಗಿ ಹೇಳಬಲ್ಲವರು ದಯವಿಟ್ಟು ತಿದ್ದಿ.

ಎಲ್ಲಕ್ಕಿಂತ ಹೆಚ್ಚು ಕಾಡಿಸಿದ್ದು ‘ಗಂಟೆ’. ಅಮಾಕ್ಸಿಸಿಲಿನ್ (ಪೆನಿಸಿಲಿನ್ ಗುಂಪಿನ ಆ್ಯಂಟಿಬಯೋಟಿಕ್) 2 ಗ್ರಾಂ, ಅಂದರೆ 500 ಮಿಲಿಗ್ರಾಮಿನ ನಾಲ್ಕು ಕ್ಯಾಪ್ಸೂಲು, ಒಂದೇ ಸಲಕ್ಕೆ, ‘ಒಂದು ಗಂಟೆ ಮುಂಚೆ’ ನುಂಗಬೇಕು. ನನ್ನ ಮೊದಲ ಕರಡಿನಲ್ಲಿ ‘ಒಂದು ಗಂಟೆಗೆ ಮುಂಚೆ’ ಎಂದಿತ್ತು. ಮಧ್ಯಾಹ್ನ ಮೂರಕ್ಕೆ ಬರಬೇಕಾದವರು ಹನ್ನೆರಡೂವರೆಗೇ ನುಂಗಿ ಕೂತರೆ ತಪ್ಪು ಯಾರದ್ದು? ಒಂದೇ ‘ಗೆ’ ಪ್ರತ್ಯಯದಿಂದ ಗಂಟೆ ಎಂಬುದು ಅವಧಿಯಿಂದ ಗಡಿಯಾರಕ್ಕೆ ಹಾರುತ್ತದೆ. ಧಾರವಾಡದ ಗೆಳೆಯ ಇದನ್ನು ಕೇಳಿ ನಕ್ಕು, ‘ನಮ್ಮಲ್ಲಿ ಈ ತ್ರಾಸ ಇಲ್ಲ ನೋಡ್ರಿ, ಒಂದು ತಾಸು ಮೊದ್ಲ ಅಂದ್ರ ಮುಗೀತು’ ಎಂದ. ತಾಸು ಅವಧಿಗೆ, ಗಂಟೆ ಗಡಿಯಾರಕ್ಕೆ, ಎಂಥ ಚೊಕ್ಕ ವಿಂಗಡಣೆ! ಹಳೇ ಮೈಸೂರಿನವರು ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಒದ್ದಾಡುತ್ತೇವೆ. ಚೀಟಿಯಲ್ಲಿ ‘ತಾಸು’ ಹಾಕಲು ಆಸೆ, ಹಾಸನ-ಮಂಡ್ಯದವರು ಒಪ್ಪಿಯಾರೇ? ಸದ್ಯಕ್ಕೆ ‘ಆಪರೇಷನ್ನಿಗೆ 60 ನಿಮಿಷ ಮುಂಚೆ’ ಎಂದು ಬರೆದು, ವೈದ್ಯರೇ ಪೆನ್ನಿನಲ್ಲಿ ಸಮಯ ತುಂಬಲಿ ಎಂದು ಖಾಲಿ ಗೆರೆ ಬಿಟ್ಟಿದ್ದೇನೆ. ಪೆನಿಸಿಲಿನ್ ಆಗದವರು ಮೊದಲೇ ಹೇಳಬೇಕು ಎಂಬ ಸಾಲಿನಲ್ಲಿ ‘ಅಲರ್ಜಿ’ಯನ್ನು ಹಾಗೇ ಉಳಿಸಿದೆ. ‘ಒಗ್ಗದಿಕೆ’ ಎಂದರೆ ಹೊಟ್ಟೆ ತೊಳಸುವುದೂ ಅದರಲ್ಲಿ ಸೇರಿಕೊಳ್ಳುತ್ತದೆ.

ಈಗ ನನ್ನ ಪ್ರಶ್ನೆ. ಕಾಯಿಲೆ ಬಂದ ಮೇಲೆ ಕೊಡುವುದು ಮದ್ದು, ಚಿಕಿತ್ಸೆ. ಬರುವ ಮೊದಲೇ ಕೊಡುವುದಕ್ಕೆ ಒಂದೇ ಪದ ಬೇಕು. ‘ರೋಗನಿರೋಧಕ’ ಎಂದರೆ ದೇಹದ ಶಕ್ತಿಗೆ ಹೋಗುತ್ತದೆ, ‘ಮುನ್ನೆಚ್ಚರಿಕೆ’ ಎಂದರೆ ಬರಿಯ ಎಚ್ಚರ, ನುಂಗುವ ವಸ್ತುವಲ್ಲ. ‘ಮುಂಗಾಪು’ ಎಂದು ಕಟ್ಟಿ ನೋಡಿದೆ, ಮುಂಗಾರು ಎಂದು ಓದಿಕೊಂಡವರೇ ಹೆಚ್ಚು. ನಿಮ್ಮ ಊರಿನಲ್ಲಿ ದನಕ್ಕೋ ಬೆಳೆಗೋ ರೋಗ ತಗಲುವ ಮೊದಲೇ ಕೊಡುವ ಮದ್ದಿಗೆ ಬೇರೆ ಹೆಸರೇನಾದರೂ ಇದೆಯೇ? ಚೀಟಿ ಸೋಮವಾರ ಅಚ್ಚಿಗೆ ಹೋಗುತ್ತದೆ.