ತಗ್ಗಿನ ಮೂಲೆಯಲ್ಲಿ ನಿಲ್ಲುವ ಮಳೆನೀರು: ಹೊರಗೆ ಹರಿಸಬೇಕೇ, ಅಲ್ಲೇ ಇಂಗಿಸಬೇಕೇ?

ಪ್ರಶ್ನೆ

ಹೊಸದಾಗಿ ಕಟ್ಟಿಸಿದ ಮನೆಯ ಹಿಂದೆ ಸುಮಾರು 200 ಚದರ ಮೀಟರ್ ಜಾಗವಿದ್ದು, ಅದನ್ನು ತೋಟವಾಗಿ ರೂಪಿಸಬೇಕೆಂದಿದ್ದೇವೆ. ಕಟ್ಟಡದ ಕೆಲಸ ನಡೆಯುವಾಗ ಯಂತ್ರಗಳು, ಭಾರದ ವಾಹನಗಳು ಓಡಾಡಿ ನೆಲ ಗಟ್ಟಿಯಾಗಿಬಿಟ್ಟಿದೆ. ಜೋರು ಮಳೆ ಬಂದರೆ ತಗ್ಗಿನ ಮೂಲೆಯಲ್ಲಿ ನಿಂತ ನೀರು ಇಳಿಯಲು ಎರಡು ಮೂರು ದಿನ ಹಿಡಿಯುತ್ತದೆ. ವಿನ್ಯಾಸದ ಹೊಣೆ ಹೊತ್ತವರು ಇಡೀ ಜಾಗವನ್ನು ಸಮತಟ್ಟು ಮಾಡಿ, ನೀರನ್ನು ಪೈಪಿನಲ್ಲಿ ಚರಂಡಿಗೆ ಬಿಟ್ಟು, ಅರ್ಧ ಭಾಗಕ್ಕೆ ಸಿಮೆಂಟಿನ ಮೇಲೆ ಕಲ್ಲು ಹಾಸಿ, ಉಳಿದರ್ಧಕ್ಕೆ ಹುಲ್ಲುಹಾಸು ಬೆಳೆಸೋಣ ಎನ್ನುತ್ತಾರೆ. ಆದರೆ ಮಳೆಗಾಲದ ನೀರನ್ನೆಲ್ಲ ಹೊರಗಟ್ಟಿ, ಬೇಸಿಗೆಯಲ್ಲಿ ಅದೇ ನೆಲಕ್ಕೆ ಕೊಳಾಯಿ ನೀರು ಹಾಯಿಸುವ ಯೋಜನೆಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೊಂದು ಬದಿಯಲ್ಲಿ ಹಳೆಯ ದೊಡ್ಡ ಮರವೊಂದಿದ್ದು, ಅದು ಉಳಿಯಲೇಬೇಕು. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ಹೇಳುವಿರಾ?

ಮೊದಲ ಉತ್ತರ

ಗಿಡಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಮೊದಲು ನೀರು ಮತ್ತು ಮಣ್ಣಿನ ಲೆಕ್ಕ ನೋಡಿ. ನೀರು ನಿಲ್ಲುವ ಕಡೆ 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ. ಒಣಮಣ್ಣು ಆರಂಭದಲ್ಲಿ ಬೇಗ ಹೀರಿಕೊಳ್ಳುವುದರಿಂದ ಆ ಮೊದಲ ಅಳತೆಯನ್ನು ನಂಬುವಂತಿಲ್ಲ. ಎರಡನೆಯ ಸಲ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳತೆಪಟ್ಟಿಯಿಂದ ನೋಡಿ ಬರೆದಿಟ್ಟುಕೊಳ್ಳಿ. ಗುಂಡಿಯ ಗೋಡೆಯನ್ನೂ ಗಮನಿಸಿ: ಮೇಲಿನ ಒಂದು ಗೇಣು ಮಾತ್ರ ಪದರಪದರವಾಗಿ ಬಿಗಿದುಕೊಂಡು ಅದರ ಕೆಳಗೆ ಮಣ್ಣು ಸಡಿಲವಾಗಿದ್ದರೆ ತೊಂದರೆ ಯಂತ್ರಗಳಿಂದ ಆದದ್ದು; ಅದನ್ನು ಅಗೆಗೋಲಿನಿಂದ ಬಿಡಿಸಿ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿದರೆ ಸರಿಹೋಗುತ್ತದೆ. ಕೆಳಗಿನವರೆಗೂ ಜಿಗಟು ಮಣ್ಣೇ ಇದ್ದರೆ ನಿಧಾನವಾಗಿ ಇಂಗುವುದು ಆ ನೆಲದ ಸ್ವಭಾವ, ವಿನ್ಯಾಸವೇ ಅದಕ್ಕೆ ಹೊಂದಿಕೊಳ್ಳಬೇಕು.

ಇನ್ನು ನೀರಿನ ಪ್ರಮಾಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಆ ಬದಿಗೆ ಇಳಿಯುವ ಚಾವಣಿ 80 ಚದರ ಮೀಟರ್ ಇದ್ದು 30 ಮಿಲಿಮೀಟರ್ ಮಳೆ ಸುರಿದರೆ 2,400 ಲೀಟರ್. ಅದನ್ನು 15 ಸೆಂಟಿಮೀಟರ್ ಆಳದ ತಗ್ಗಿನಲ್ಲಿ ಹಿಡಿದಿಡಲು 16 ಚದರ ಮೀಟರ್ ಸಾಕು. ಇದನ್ನೇ ಮಳೆತೋಟ ಎನ್ನುತ್ತಾರೆ. ನೀರು ನಿಲ್ಲುವ ಮೂಲೆಯನ್ನು ದೋಷವೆಂದು ಮುಚ್ಚಿಹಾಕುವ ಬದಲು ಇಡೀ ತೋಟದ ರಚನೆಗೆ ಅದನ್ನೇ ಆಧಾರ ಮಾಡಿಕೊಳ್ಳಿ ಎಂಬುದು ನನ್ನ ಬಲವಾದ ಸಲಹೆ. ಕ್ಯಾಲಿಫೋರ್ನಿಯಾದ ಡೇವಿಸ್ ಪಟ್ಟಣದಲ್ಲಿ 1970ರ ದಶಕದಲ್ಲಿ ಕಟ್ಟಿದ ವಿಲೇಜ್ ಹೋಮ್ಸ್ ಬಡಾವಣೆಯಲ್ಲಿ ಮಳೆನೀರನ್ನು ನೆಲದಡಿಯ ಕೊಳವೆಗಳಿಗೆ ಸೇರಿಸದೆ ಮನೆಗಳ ನಡುವಿನ ತೆರೆದ, ಆಳವಿಲ್ಲದ ಕಾಲುವೆಗಳಲ್ಲಿ ಹರಿಸಿ ಇಂಗಿಸುವ ವ್ಯವಸ್ಥೆ ಮಾಡಿದರು. ಆ ಕಾಲುವೆಗಳೇ ಅಲ್ಲಿನ ಹಸಿರು ಓಣಿಗಳೂ ಆದವು.

ಮಳೆತೋಟದ ತಳಕ್ಕೆ ಒಂದೆರಡು ದಿನ ನೀರಿನಲ್ಲಿ ನಿಂತರೂ, ವಾರಗಟ್ಟಲೆ ಒಣಗಿದರೂ ತಾಳಿಕೊಳ್ಳುವ ಗಿಡಗಳು ಬೇಕು. ಜೌಗಿನ ಗಿಡಗಳನ್ನು ನೆಟ್ಟರೆ ಬೇಸಿಗೆಯಲ್ಲಿ ಉಳಿಯುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಕೆಲವು ಎಚ್ಚರಿಕೆಗಳಿಲ್ಲದೆ ಅದು ಪೂರ್ಣವಾಗುವುದಿಲ್ಲ. ಮಳೆತೋಟ ಮನೆಯ ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರವಿರಲಿ, ಅತಿಮಳೆಯಲ್ಲಿ ತುಂಬಿ ಹೊರಚೆಲ್ಲುವ ನೀರಿಗೆ ಸುರಕ್ಷಿತ ದಾರಿಯೂ ಇರಲಿ. ತುಂಬಿದ ನೀರು 24ರಿಂದ 48 ಗಂಟೆಯೊಳಗೆ ಇಂಗುವಂತಿದ್ದರೆ ಸೊಳ್ಳೆಯ ಮರಿಗಳು ಬೆಳೆದು ಹಾರುವಷ್ಟು ಕಾಲ ಸಿಗುವುದಿಲ್ಲ. ಜಿಗಟು ಮಣ್ಣಿಗೆ ಒಂದಿಷ್ಟು ಮರಳು ಬೆರೆಸುವ ರೂಢಿಯಿದೆ. ದಯವಿಟ್ಟು ಹಾಗೆ ಮಾಡಬೇಡಿ, ಮಣ್ಣು ಮೊದಲಿಗಿಂತ ಗಟ್ಟಿಯಾಗಬಹುದು.

ನನಗೆ ಹೆಚ್ಚು ಆತಂಕವಾಗುತ್ತಿರುವುದು ಮರದ ಬಗ್ಗೆ. ಮರದ ಬೇರುಗಳು ಅದರ ಎತ್ತರದಷ್ಟೇ ಆಳಕ್ಕೆ ಇಳಿದಿರುತ್ತವೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇದ್ದು, ಕೊಂಬೆಗಳ ಹರವನ್ನೂ ದಾಟಿ ಹಬ್ಬಿರುತ್ತವೆ. ಆದ್ದರಿಂದ "ಸಮತಟ್ಟು ಮಾಡೋಣ" ಎಂಬ ಮಾತು ಮರಕ್ಕೆ ಅಪಾಯಕಾರಿ. ಅಲ್ಲಿ ಮಣ್ಣು ಕೆರೆದರೆ ಬೇರು ಕಡಿಯುತ್ತದೆ, ಮಣ್ಣು ಏರಿಸಿದರೆ ಬೇರಿಗೆ ಗಾಳಿಯಾಡುವುದಿಲ್ಲ. ಮರ ಒಣಗುವುದು ಎಷ್ಟೋ ವರ್ಷಗಳ ನಂತರವಾದ್ದರಿಂದ ಕಾರಣವೂ ಯಾರಿಗೂ ಹೊಳೆಯುವುದಿಲ್ಲ. ಕಾಂಡದ ವ್ಯಾಸದ ಪ್ರತಿ ಸೆಂಟಿಮೀಟರಿಗೆ 12 ಸೆಂಟಿಮೀಟರಿನಂತೆ ಲೆಕ್ಕ ಹಾಕಿ ಸುತ್ತ ಬೇಲಿ ಕಟ್ಟಿಸಿ. 50 ಸೆಂಟಿಮೀಟರ್ ದಪ್ಪದ ಕಾಂಡಕ್ಕೆ 6 ಮೀಟರ್ ತ್ರಿಜ್ಯವಾಗುತ್ತದೆ. ಕೆಲಸ ಮುಗಿಯುವವರೆಗೆ ಅದರೊಳಗೆ ಜಲ್ಲಿಯ ರಾಶಿಯೂ ಬೀಳಬಾರದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ತಗ್ಗಿನ ಮೂಲೆಯಲ್ಲಿ ನೀರು ಗಂಟೆಗೆ ಸುಮಾರು ಅರ್ಧ ಸೆಂಟಿಮೀಟರ್ ಇಳಿಯಿತು. ಮರದ ಸುತ್ತ ಕಟ್ಟಿಸಿದ ಬೇಲಿಯಿಂದಾಚೆ ತೋಡಿ ನೋಡಿದಾಗ ಅದರ ಹಲವು ಪಟ್ಟು ವೇಗವಾಗಿ ಇಂಗಿತು. ಹಾಗಾದರೆ ಮಳೆತೋಟವನ್ನು ಮರದ ಕಡೆಗೇ ಸರಿಸುವುದು ಒಳ್ಳೆಯದೇ? ಕಲ್ಲುಹಾಸನ್ನು ಪೂರ್ತಿ ಕೈಬಿಡಬೇಕೇ?

ಮೂರನೆಯ ಉತ್ತರ

ಸರಿಸಬೇಡಿ. ಮರದ ಬಳಿ ನೀರು ಬೇಗ ಇಂಗುವುದಕ್ಕೆ ಆ ಬೇರುಗಳೂ, ಉದುರಿದೆಲೆಯನ್ನು ತಿಂದು ಮಣ್ಣನ್ನು ಸಡಿಲಿಸುವ ಜೀವಿಗಳೂ ಬಹುಮಟ್ಟಿಗೆ ಕಾರಣವಾಗಿರಬಹುದು. ತೋಡಿದರೆ ಅದನ್ನೇ ಕಳೆದುಕೊಳ್ಳುತ್ತೀರಿ. ಗಂಟೆಗೆ ಅರ್ಧ ಸೆಂಟಿಮೀಟರ್ ಲೆಕ್ಕದಲ್ಲಿ 15 ಸೆಂಟಿಮೀಟರ್ ನೀರಿಗೆ 30 ಗಂಟೆ, 10 ಸೆಂಟಿಮೀಟರಿಗೆ 20 ಗಂಟೆ ಸಾಕು. ಆಳ ಕಡಿಮೆ ಮಾಡಿ 24 ಚದರ ಮೀಟರಿಗೆ ಹರಡಿದರೆ ಅದೇ 2,400 ಲೀಟರ್ ಹಿಡಿಯುತ್ತದೆ. ನಿಮ್ಮ ಜಾಗಕ್ಕೆ ಇದು ಹೊರೆಯಲ್ಲ.

ಕಲ್ಲುಹಾಸು ಇರಲಿ, ಸಿಮೆಂಟಿನ ತಳ ಬೇಡ. ಜಲ್ಲಿಯ ಹಾಸಿನ ಮೇಲೆ ಕಲ್ಲುಗಳನ್ನಿಟ್ಟು, ಸಂದುಗಳಿಗೆ ಸಣ್ಣ ಜಲ್ಲಿ ತುಂಬಿ, ಮಳೆತೋಟದ ಕಡೆಗೆ ಲಘುವಾದ ಇಳಿಜಾರು ಕೊಟ್ಟರೆ ನೀರು ಅಲ್ಲಲ್ಲೇ ಇಂಗುತ್ತದೆ, ಮಿಕ್ಕದ್ದು ತಗ್ಗಿಗೆ ಸೇರುತ್ತದೆ. ಕಟ್ಟಡದ ಕೆಲಸದಲ್ಲಿ ಉಳಿದ ಕಲ್ಲು, ಇಟ್ಟಿಗೆಗಳನ್ನೇ ಇದಕ್ಕೆ ಬಳಸಿ. ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ವಿನ್ಯಾಸಕಾರ ಪೀಟರ್ ಲಾಟ್ಸ್ ಮುಚ್ಚಿಹೋದ ಕಬ್ಬಿಣದ ಕಾರ್ಖಾನೆಯೊಂದನ್ನು ಕೆಡವದೆ ಉದ್ಯಾನವಾಗಿಸಿದಾಗ, ಅಲ್ಲಿ ಸಿಕ್ಕ ಭಾರಿ ಕಬ್ಬಿಣದ ಫಲಕಗಳನ್ನೇ ಒಂದು ಚೌಕದ ನೆಲಕ್ಕೆ ಹಾಸಿದ್ದಾರೆ.

ಹುಲ್ಲುಹಾಸನ್ನು ಕೂರುವ, ಆಡುವ ಜಾಗಕ್ಕೆ ಸೀಮಿತಗೊಳಿಸಿ. ಉಳಿದೆಡೆ ನಿಮ್ಮ ಪ್ರದೇಶದಲ್ಲಿ ತಾವಾಗಿಯೇ ಬೆಳೆಯುವ ಪೊದೆ, ಹುಲ್ಲು, ಹೂಗಿಡಗಳನ್ನು ನೀರಿನ ಅಗತ್ಯಕ್ಕೆ ತಕ್ಕಂತೆ ಗುಂಪುಗೂಡಿಸಿ ಒತ್ತಾಗಿ ನೆಡಿ. ಇಂಥ ಗಿಡಗಳಿಗೂ ಬೇರು ಹಿಡಿಯುವವರೆಗೆ, ಅಂದರೆ ಮೊದಲ ಒಂದೆರಡು ಬೇಸಿಗೆಯಲ್ಲಿ, ನೀರು ಬೇಕು. ನೆಟ್ಟ ಮೇಲೆ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಒಣ ಎಲೆ ಅಥವಾ ತೊಗಟೆಯ ಚೂರನ್ನು ಹರಡಿ. ಕಾಂಡಕ್ಕೆ ತಾಗಿದರೆ ಬುಡ ಕೊಳೆಯುವುದರಿಂದ ಅಲ್ಲಿ ಸ್ವಲ್ಪ ತೆರಪು ಬಿಡಿ.