ಪುಲ್ಲರ್ ನಮ್ಮದು, ಟ್ರೇಲರ್ ಕಂಪನಿಯದು: ಒಪ್ಪಿಕೊಳ್ಳಬಹುದಾ?

ಪ್ರಶ್ನೆ (ಮಂಡ್ಯ): ನಮಸ್ಕಾರ ಅಣ್ಣ. ಸೆಕೆಂಡ್ ಹ್ಯಾಂಡ್ ಪುಲ್ಲರ್ (ಟ್ರೇಲರ್ ಎಳೆಯುವ ಮುಂದಿನ ಗಾಡಿ) ಒಂದು ತಗೊಂಡಿದ್ದೇನೆ, ನಾನೇ ಓಡಿಸುತ್ತೇನೆ. ಟ್ರೇಲರ್ ಕೊಳ್ಳುವಷ್ಟು ದುಡ್ಡಿಲ್ಲ. ನಂಜನಗೂಡು ಕಡೆಯ ಒಂದು ಟ್ರಾನ್ಸ್‌ಪೋರ್ಟ್‌ನವರು ಗಾಡಿ ಅಟ್ಯಾಚ್ ಮಾಡು (ನಮ್ಮ ಕೆಲಸಕ್ಕೇ ಓಡಿಸು) ಅಂತಿದ್ದಾರೆ. ಟ್ರೇಲರ್ ಅವರದೇ, ನನಗೆ ಕೊಡುವ ಬಾಡಿಗೆ ಕಿಲೋಮೀಟರ್ ಲೆಕ್ಕ. ಹೆಚ್ಚಾಗಿ ಚೆನ್ನೈ ಬಂದರಿನ ಲೋಡು, ಒಮ್ಮೊಮ್ಮೆ ಕೊಚ್ಚಿ. ಒಪ್ಪಿಕೊಳ್ಳಬಹುದಾ?

ಉತ್ತರ (ಮೈಸೂರು, ಪುಲ್ಲರ್ ಮಾಲೀಕ): ಒಪ್ಪಿಕೊಳ್ಳಿ, ಆದರೆ ರೇಟ್ ಕೇಳುವ ಮುಂಚೆ ಟ್ರೇಲರ್ ನೋಡಿ. ಟ್ರೇಲರಿಗೂ ಅದರದೇ ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಇರುತ್ತೆ. ಎಫ್‌ಸಿ ಮುಗಿದ ಟ್ರೇಲರ್ ಎಳೆದುಕೊಂಡು ಹೋದರೆ ಆರ್‌ಟಿಒ ನಿಲ್ಲಿಸೋದು ನಿಮ್ಮನ್ನೇ. ಕಂಪನಿ ಮ್ಯಾನೇಜರ್ ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ ಅನ್ನೋದು ನಿಮಗೂ ಗೊತ್ತು! ಮೂರರ ಕಾಪಿಯನ್ನೂ ಪ್ರತಿ ಟ್ರೇಲರಿಗೂ ಬೇರೆಬೇರೆಯಾಗಿ ಇಸ್ಕೊಳ್ಳಿ. ಇನ್ನೊಂದು ವಿಷಯ ತುಂಬಾ ಜನ ಬಿಡ್ತಾರೆ. ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಎಳೆಯುವ ಗಾಡಿಯ ನಂಬರ್ ಟ್ರೇಲರ್ ಮೇಲೂ ಕಾಣಬೇಕು. ದಿನಕ್ಕೊಂದು ಟ್ರೇಲರ್ ಬದಲಾಗುವ ಕೆಲಸದಲ್ಲಿ ಹಿಂದೆ ಇನ್ಯಾರದೋ ಪುಲ್ಲರ್ ನಂಬರ್ ಉಳಿದುಬಿಟ್ಟಿರುತ್ತೆ. ನಿಮ್ಮ ನಂಬರಿನ ಪ್ಲೇಟ್ ಒಂದು ಗಾಡಿಯಲ್ಲೇ ಇಟ್ಟುಕೊಳ್ಳಿ. ಇ-ವೇ ಬಿಲ್ಲಿನ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆ) ಪಾರ್ಟ್ ಬಿಯಲ್ಲೂ, ಅಂದರೆ ಗಾಡಿ ವಿವರದ ಭಾಗದಲ್ಲೂ, ನಿಮ್ಮ ಪುಲ್ಲರ್ ನಂಬರೇ ಇರಬೇಕು. ದಾರಿಯಲ್ಲಿ ಪುಲ್ಲರ್ ಬದಲಾಯಿತು ಅಂದರೆ ಅದನ್ನೂ ಬದಲಾಯಿಸಬೇಕು.

ಆಮೇಲೆ ಗಾಡಿ ಕೆಳಗೆ ಇಣುಕಿ. ಕಿಂಗ್ ಪಿನ್ (ಟ್ರೇಲರ್ ಅಡಿಯ ಕೊಂಡಿ ಗೂಟ) ಎಷ್ಟು ಸವೆದಿದೆ, ಅದು ಕೂರುವ ನಿಮ್ಮ ಪುಲ್ಲರಿನ ಟರ್ನ್ ಟೇಬಲ್ ಎತ್ತರಕ್ಕೆ ಟ್ರೇಲರ್ ಹೊಂದುತ್ತಾ, ಏರ್ ಪೈಪಿನಲ್ಲಿ ಲೀಕ್ ಇದೆಯಾ, ಲೈಟ್ ಎಲ್ಲಾ ಉರಿಯುತ್ತಾ ನೋಡಿ. ಕಂಟೇನರ್ ಆದರೆ ಅದನ್ನು ಟ್ರೇಲರಿಗೆ ಹಿಡಿದಿಡುವ ನಾಲ್ಕೂ ಮೂಲೆಯ ಲಾಕ್ ಕೈಯಿಂದ ಮುಟ್ಟಿ ನೋಡಿ. ಟ್ರೇಲರ್ ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ ಪೂರ್ತಿ ಭಾರ ನಿಮ್ಮ ಪುಲ್ಲರ್ ಬ್ರೇಕಿನ ಮೇಲೆ ಬೀಳುತ್ತೆ, ಲೈನರ್ ಖರ್ಚು ನಿಮ್ಮ ತಲೆಗೆ. ಕೊಂಡಿ ಹಾಕುವ ಮುಂಚೆ ಮೊಬೈಲಲ್ಲಿ ಸುತ್ತ ವಿಡಿಯೊ ಮಾಡಿ, ಟೈರ್ ನಂಬರ್ ಕಾಣುವ ಹಾಗೆ. ಟ್ರೇಲರ್ ಟೈರ್ ಸಿಡಿದರೆ ಯಾರ ಖರ್ಚು ಅಂತ ಮೊದಲೇ ಬರೆಸಿಕೊಳ್ಳಿ. ನಾನು ಕಂಡ ಜಗಳಗಳಲ್ಲಿ ಅರ್ಧಕ್ಕರ್ಧ ಇದರದ್ದೇ.

ಪ್ರಶ್ನೆ (ಅವರೇ): ನನ್ನ ಪುಲ್ಲರಿಗೆ ಫುಲ್ ಇನ್ಶೂರೆನ್ಸ್ ಇದೆಯಲ್ಲ, ಅದು ಸಾಲದಾ?

ಉತ್ತರ: ಅದರಲ್ಲಿ ಟ್ರೇಲರ್ ತಾನಾಗೇ ಸೇರಿರುತ್ತೆ ಅಂದುಕೊಳ್ಳಬೇಡಿ. ಬೇರೆಯವರ ಟ್ರೇಲರ್ ಎಳೆಯುತ್ತೇನೆ ಅಂತ ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರ ತಗೊಳ್ಳಿ. ಒಳಗಿರುವ ಸರಕಿನದ್ದು ಬೇರೆ ಲೆಕ್ಕ. ಕ್ಯಾರೇಜ್ ಬೈ ರೋಡ್ ಕಾಯ್ದೆ, 2007ರ ನಿಯಮಗಳ ಪ್ರಕಾರ, ಹೆಚ್ಚಿನ ಬೆಲೆ ಘೋಷಿಸಿಲ್ಲದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ 10 ಪಟ್ಟಿಗೆ ಸೀಮಿತ. ಎಲ್‌ಆರ್ (ಸರಕು ಒಪ್ಪಿಕೊಂಡಿದ್ದಕ್ಕೆ ಕೊಡುವ ರಸೀದಿ) ಕೊಡುವವರು ಕಂಪನಿಯವರು, ಹಾಗಾಗಿ ಆ ಹೊಣೆ ಅವರದು. ಆದರೂ ಶಾರ್ಟೇಜ್ (ಸರಕು ಕಡಿಮೆ ಬಂತು) ಅಂತ ನಿಮಗೆ ಬರಬೇಕಾದ ಬಾಕಿ ಬಾಡಿಗೆಯಲ್ಲಿ ಮುರಿದುಕೊಳ್ಳುವವರಿದ್ದಾರೆ. ಕಂಟೇನರ್ ಬಾಗಿಲಿನ ಸೀಲ್ ಸರಿಯಿದ್ದರೆ ಶಾರ್ಟೇಜ್ ನಿಮ್ಮ ಮೇಲೆ ಬರಬಾರದು ಅಂತ ಅಗ್ರಿಮೆಂಟಿನಲ್ಲೇ ಹಾಕಿಸಿ.

ಪ್ರಶ್ನೆ (ಶ್ರೀರಂಗಪಟ್ಟಣದ ಇನ್ನೊಬ್ಬರು): ರೇಟ್ ಹೇಗೆ ಹಾಕೋದು ಸರ್? ನಮ್ಮ ಕಡೆ ಎಲ್ಲಾ ಕಣ್ಣಳತೆಯಲ್ಲೇ ಹೇಳ್ತಾರೆ.

ಉತ್ತರ: ಡೀಸೆಲ್ಲಿಂದ ಶುರು ಮಾಡಿ. ಲೋಡಿನಲ್ಲಿ ಲೀಟರಿಗೆ 3 ಕಿ.ಮೀ. ಬಂತು, ಡೀಸೆಲ್ 90 ರೂಪಾಯಿ ಅಂತ ಹಿಡಿದರೆ, ಬರೀ ಎಣ್ಣೆಗೇ ಕಿ.ಮೀ.ಗೆ 30 ರೂಪಾಯಿ ಹೋಯಿತು. ಟೈರು, ಟೋಲು, ಇಎಂಐ, ಊಟ ಅದರ ಮೇಲೆ. ನಮ್ಮ ಗಣಂಗೂರು, ಕಣಿಮಿಣಿಕೆ ಟೋಲ್ ದಾಟುವಷ್ಟರಲ್ಲೇ ಫಾಸ್ಟ್ಯಾಗ್ ಎಷ್ಟು ಕರಗುತ್ತೆ ನೋಡಿದ್ದೀರಲ್ಲ. ಟೋಲ್ ದುಡ್ಡನ್ನು ಟ್ರಾನ್ಸ್‌ಪೋರ್ಟ್ ಕಂಪನಿಯವರೇ ಕೊಡಲಿ ಅಂತ ಪಟ್ಟು ಹಿಡಿಯಿರಿ. ಖಾಲಿ ಬರುವ ಕಿಲೋಮೀಟರಿಗೂ ಕಾಸು ಬೇಕು. "ರಿಟರ್ನ್ ಲೋಡ್ ಸಿಕ್ಕೇ ಸಿಗುತ್ತೆ" ಅನ್ನೋ ಮಾತಿಗೆ ನಾನು ಕಿವಿ ಕೊಡೋದು ಬಿಟ್ಟು ಬಹಳ ದಿನ ಆಯ್ತು. ಟ್ರೇಲರ್ ಅವರದಾದ್ದರಿಂದ ಬೇರೆಯವರ ಲೋಡ್ ಹಾಕೋಕೂ ಬಿಡೋಲ್ಲ, ಅಲ್ವಾ?

ಕೊಚ್ಚಿ ಲೋಡಿನಲ್ಲಿ ಇನ್ನೂ ಒಂದು ಕೊಕ್ಕೆ ಇದೆ. ಆಫೀಸಿನವರು ಮ್ಯಾಪಿನಲ್ಲಿ ಹತ್ತಿರದ ದಾರಿ ನೋಡಿ ಕಿಲೋಮೀಟರ್ ಹಾಕ್ತಾರೆ. ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾರಿಯಲ್ಲಿ ಬಂಡೀಪುರದ ಕಾಡು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, ಅದೂ 2009ರಿಂದ. ಎಂಟೂಮುಕ್ಕಾಲಿಗೆ ಮದ್ದೂರು ಚೆಕ್‌ಪೋಸ್ಟ್ ಮುಟ್ಟದಿದ್ದರೆ (ವಡೆಯ ಮದ್ದೂರಲ್ಲ, ಕಾಡಿನದ್ದು) ರಾತ್ರಿಯೆಲ್ಲಾ ಅಲ್ಲೇ. ದಾಟಿದರೂ ಮುಂದೆ ತಾಮರಶ್ಶೇರಿ ಘಾಟಿಯ 9 ಹೇರ್‌ಪಿನ್ ತಿರುವು. ಸತ್ಯಮಂಗಲದ ಕಡೆ ಹೋದರೆ ದಿಂಬಂನ 27. ನಲವತ್ತಡಿ ಟ್ರೇಲರಿಗೆ ಇವೆರಡೂ ದಾರಿ ನಾನು ಹೇಳೋಲ್ಲ. ಸೇಲಂ, ಕೊಯಮತ್ತೂರು, ಪಾಲಕ್ಕಾಡ್ ಸುತ್ತಿಯೇ ಹೋಗಿ, ಆ ಕಿಲೋಮೀಟರಿಗೆ ರೇಟ್ ಮಾತಾಡಿ.

ಹಾಲ್ಟಿಂಗ್ (ಗಾಡಿ ಕಾದು ನಿಂತದ್ದಕ್ಕೆ ಕೊಡುವ ದುಡ್ಡು) ಇಷ್ಟು ಗಂಟೆಯಿಂದ ಶುರು, ದಿನಕ್ಕೆ ಇಷ್ಟು ಅಂತ ಬರೆಸಿ. ಬಂದರಿನ ಕ್ಯೂನಲ್ಲಿ ಎರಡು ದಿನ ಕಳೆದರೆ ಬಾಡಿಗೆಯ ಲಾಭ ಅಲ್ಲೇ ಮುಗಿಯುತ್ತೆ.

ಪ್ರಶ್ನೆ (ಮಂಡ್ಯ): ಎರಡು ಟನ್ ಜಾಸ್ತಿ ಆದರೂ ಹೋಗು ಅಂತಾರಂತೆ ಅಣ್ಣ.

ಉತ್ತರ: ಬೇಡ. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಜಾಸ್ತಿ ಇರುವ ಪ್ರತಿ ಟನ್ನಿಗೆ 2,000. ನಿಮ್ಮ ಎರಡು ಟನ್ನಿಗೆ 24,000 ಆಯ್ತು. ಜಾಸ್ತಿ ಮಾಲು ಇಳಿಸಿಯೇ ಬಿಡ್ತಾರೆ, ಇಳಿಸುವ ಖರ್ಚೂ ನಮ್ಮದೇ. ವೇಬ್ರಿಡ್ಜ್ ಚೀಟಿ ಕೈಗೆ ಬರದೆ ಗೇಟ್ ದಾಟಬೇಡಿ.

ಪ್ರಶ್ನೆ (ಮಂಡ್ಯ): ಟಿಡಿಎಸ್ (ಬಾಡಿಗೆಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡೀತೀವಿ ಅಂತಾನೂ ಹೇಳಿದ್ರು.

ಉತ್ತರ: 10 ಅಥವಾ ಅದಕ್ಕಿಂತ ಕಡಿಮೆ ಗೂಡ್ಸ್ ಗಾಡಿ ಇರುವವರು ಪ್ಯಾನ್ ಜೊತೆ ಡಿಕ್ಲರೇಷನ್ ಕೊಟ್ಟರೆ ಹಿಡಿಯುವ ಹಾಗಿಲ್ಲ. ಮೊದಲ ಬಿಲ್ಲಿನ ಜೊತೆಗೇ ಕೊಟ್ಟು, ಒಂದು ಕಾಪಿಗೆ ಸೀಲ್ ಹಾಕಿಸಿಕೊಳ್ಳಿ.