ಒಂದೇ ಸ್ಟ್ರೈಕ್, ಎರಡು ಐವಿ: ಕ್ವಾಂಟ್ ಆಗಬೇಕೆಂದಿದ್ದೇನೆ, ದಾರಿ ಹೇಳಿ

ಗದಗಿನವ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಮುಂಬೈಗೆ ಬಂದು ಮೂರು ವರ್ಷ ಆಯಿತು. ಬಿಕೆಸಿಯಲ್ಲಿ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಸೆಟಲ್‌ಮೆಂಟ್ ಕೆಲಸ. ಬೆಳಗ್ಗೆ ಕುರ್ಲಾವರೆಗೆ ಲೋಕಲ್, ಅಲ್ಲಿಂದ ಶೇರ್ ಆಟೋ. ದಿನವಿಡೀ ಬೇರೆಯವರು ಕೊಂಡು ಮಾರಿದ ಆಪ್ಶನ್‌ಗಳ ಲೆಕ್ಕ ತಾಳೆ ನೋಡುತ್ತೇನೆ. ಆಪ್ಶನ್ ಅಂದರೆ ಮುಂದೊಂದು ದಿನ (ಎಕ್ಸ್‌ಪೈರಿ) ಮೊದಲೇ ಗೊತ್ತು ಮಾಡಿದ ಬೆಲೆಗೆ (ಸ್ಟ್ರೈಕ್) ಕೊಳ್ಳುವ ಹಕ್ಕು (ಕಾಲ್) ಅಥವಾ ಮಾರುವ ಹಕ್ಕು (ಪುಟ್). ಆ ಹಕ್ಕಿನ ಬೆಲೆ ಹೇಗೆ ಹುಟ್ಟುತ್ತದೆ ಅಂತ ತಿಳಿಯುವ ಆಸೆ ತಲೆಗೆ ಹೊಕ್ಕಿದೆ. ಕ್ವಾಂಟ್, ಅಂದರೆ ಗಣಿತದಿಂದ ಇಂಥ ಬೆಲೆ, ಅಪಾಯ ಲೆಕ್ಕ ಹಾಕುವವನು, ಆಗಬೇಕು.

ರಾತ್ರಿ ಊಟ ಆದ ಮೇಲೆ ಪೈಥಾನ್‌ನಲ್ಲಿ ಬ್ಲಾಕ್-ಶೋಲ್ಸ್ ಎಂಬ ಬೆಲೆ ಸೂತ್ರ ಬರೆದು ನಿಫ್ಟಿ ಆಪ್ಶನ್‌ಗಳ ಇಂಪ್ಲೈಡ್ ವೊಲಾಟಿಲಿಟಿ (ಐವಿ: ಆಪ್ಶನ್ ಬೆಲೆಯೊಳಗೆ ಅಡಗಿರುವ ಏರಿಳಿತದ ಅಂದಾಜು, ಶೇಕಡಾದಲ್ಲಿ) ತೆಗೆಯುತ್ತಿದ್ದೇನೆ. ಬೆಲೆ ಎನ್‌ಎಸ್‌ಇ ಭಾವ್‌ಕಾಪಿಯದು, ಅಂದರೆ ಷೇರುಪೇಟೆ ದಿನಾ ಕೊಡುವ ಬೆಲೆಪಟ್ಟಿಯದು. ಉದಾಹರಣೆಗೆ ನಿಫ್ಟಿ 24,000, ಎಕ್ಸ್‌ಪೈರಿಗೆ 10 ದಿನ ಇದೆ ಅನ್ನಿ. 24,000ದ ಕಾಲ್ 277, ಪುಟ್ 232. ಕಾಲ್‌ನ ಐವಿ 17.5 ಬರುತ್ತದೆ, ಪುಟ್‌ನದು 14.6. ಎರಡೂ ಒಂದೇ ಇರಬೇಕಲ್ವಾ? ಹತ್ತು ದಿನಕ್ಕೆ ಎಷ್ಟು ಮಹಾ ಬಡ್ಡಿ ಅಂತ ಸೊನ್ನೆ ಇಟ್ಟಿದ್ದೇನೆ. ಇನ್ನೂ ಜಟಿಲವಾದ ಹೆಸ್ಟನ್ ಮಾಡೆಲ್ ಹಾಕಿದರೆ ಸರಿಹೋಗುತ್ತದಾ?

ಇನ್ನೊಂದು ವಿಷಯ. ಕ್ವಾಂಟ್ ಕೋರ್ಸಿಗೆ ಸೇರಲು ಅಪ್ಪ ಹೊಲ ಅಡವಿಡುತ್ತೇನೆ ಅನ್ನುತ್ತಿದ್ದಾರೆ. ಎರಡು ವಾರದಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಮಾಟುಂಗಾ ಧಾರವಾಡ

ತಮ್ಮಾ, ಹೆಸ್ಟನ್ ಸದ್ಯಕ್ಕೆ ಪಕ್ಕಕ್ಕಿಡು. ನೀನು ಹಾಕಿದ 24,000ವೇ ತಪ್ಪು. ನಿಫ್ಟಿ ಆಪ್ಶನ್ ತೀರುವುದು ಎಕ್ಸ್‌ಪೈರಿ ದಿನ. ಹಾಗಾಗಿ ಆ ದಿನದ ಫಾರ್ವರ್ಡ್ ಬೆಲೆ, ಅಂದರೆ ಆ ದಿನದ ಕೊಡುಕೊಳ್ಳುವಿಕೆಗೆ ಇವತ್ತೇ ಒಪ್ಪುವ ಬೆಲೆ, ಬೇಕು. ಅದು ನಿನ್ನ ಅಂಕಿಯಲ್ಲೇ ಇದೆ. ಕಾಲ್‌ನಿಂದ ಪುಟ್ ಕಳೆ, 45. ಸ್ಟ್ರೈಕಿಗೆ ಕೂಡಿಸು, 24,045. ಪುಟ್-ಕಾಲ್ ಪ್ಯಾರಿಟಿ ಅಂದರೆ ಇಷ್ಟೇ. ಹತ್ತು ದಿನಕ್ಕೆ 45 ಪಾಯಿಂಟ್ ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಶೇ. 7. ನೀನು ಸೊನ್ನೆ ಅಂದ ಬಡ್ಡಿ ಇದು! ಈಗ ಮತ್ತೆ ಲೆಕ್ಕ ಹಾಕು, ಎರಡೂ 16ರ ಹತ್ತಿರ ಬರುತ್ತವೆ.

ಆ ಶೇ. 16 ಇಡೀ ವರ್ಷದ ಲೆಕ್ಕ. ವರ್ಷಕ್ಕೆ ಸುಮಾರು 252 ವಹಿವಾಟು ದಿನ, ಅದರ ವರ್ಗಮೂಲವೂ ಹೆಚ್ಚುಕಮ್ಮಿ 16. ಅಂದರೆ ದಿನಕ್ಕೆ ಶೇ. 1, ಸುಮಾರು 240 ಪಾಯಿಂಟ್ ಏರಿಳಿತ. ನಾನು ಟ್ರೇಡಿಂಗ್ ಡೆಸ್ಕಿಗೆ ಬಂದಾಗ ಮೊದಲು ಕಲಿತದ್ದು ಈ ಬಾಯಿಲೆಕ್ಕ. ಇವತ್ತಿಗೂ ದಿನಾ ಬಳಸುತ್ತೇನೆ.

ಭಾವ್‌ಕಾಪಿ ಬಗ್ಗೆ ಜೋಪಾನ. ದೂರದ ಸ್ಟ್ರೈಕಿನಲ್ಲಿ ಕೊನೆಯ ವಹಿವಾಟು ಮಧ್ಯಾಹ್ನವೇ ಆಗಿರಬಹುದು. ಅದನ್ನು ಸಂಜೆ ಮೂರೂವರೆಯ ನಿಫ್ಟಿ ಜೊತೆ ಇಟ್ಟರೆ ಬರುವ ಐವಿ ಸುಳ್ಳು. ವಹಿವಾಟು ಕಡಿಮೆ ಇರುವ ಸಾಲುಗಳನ್ನು ತೆಗೆದುಹಾಕು.

ಶಿರಸಿಯವಳು, ಪುಣೆ

ದಯವಿಟ್ಟು ಹೊಲ ಅಡವಿಡಬೇಡಿ. ನಾನು ಸಾಲ ಮಾಡಿ ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡಿದೆ. ಯಾವ ಇಂಟರ್‌ವ್ಯೂನಲ್ಲೂ ಅದರ ಮಾತೇ ಬರಲಿಲ್ಲ. ಸಾಲ ತೀರಲು ಮೂರು ವರ್ಷ ಹಿಡಿಯಿತು. ಕೊನೆಗೆ ಕೆಲಸ ಸಿಕ್ಕಿದ್ದು ಖರಾಡಿಯಲ್ಲಿ, ಮಾಡೆಲ್ ವ್ಯಾಲಿಡೇಶನ್‌ನಲ್ಲಿ. ಬೇರೆಯವರು ಕಟ್ಟಿದ ಮಾಡೆಲ್ ಎಲ್ಲಿ ಮುರಿಯುತ್ತದೆ ಅಂತ ಹುಡುಕುವ ಕೆಲಸ. ಸೆಟಲ್‌ಮೆಂಟ್‌ನಲ್ಲಿ ಇರುವ ನಿಮಗೆ ರಿಸ್ಕ್, ವ್ಯಾಲಿಡೇಶನ್ ಬಾಗಿಲು ಹತ್ತಿರ. ನಿಮ್ಮ ಕಂಪನಿಯಲ್ಲೇ ಮೊದಲು ಕೇಳಿ. ಸಂಭವನೀಯತೆ ಮತ್ತು ಸಿ++ ಮಾತ್ರ ಬಿಡದೆ ಓದಿ.

ಇಂಟರ್‌ವ್ಯೂನಲ್ಲಿ ನನ್ನನ್ನು ಕೇಳಿದ್ದು ಸ್ಕ್ಯೂ ಬಗ್ಗೆ, ಅಂದರೆ ಸ್ಟ್ರೈಕ್ ಬದಲಾದಂತೆ ಐವಿ ಓರೆಯಾಗುವುದರ ಬಗ್ಗೆ. 1973ರ ಬ್ಲಾಕ್-ಶೋಲ್ಸ್ ಪ್ರಕಾರ ಎಲ್ಲ ಸ್ಟ್ರೈಕಿಗೂ ಒಂದೇ ವೊಲಾಟಿಲಿಟಿ ಇರಬೇಕು. 1987ರ ಅಕ್ಟೋಬರ್ 19ರಂದು ಡೌ ಜೋನ್ಸ್ ಒಂದೇ ದಿನ ಶೇ. 22.6 ಬಿತ್ತು. ಆಮೇಲೆ ಕೆಳಗಿನ ಸ್ಟ್ರೈಕಿನ ಪುಟ್‌ಗೆ ಜನ ಜಾಸ್ತಿ ಕೊಡತೊಡಗಿದರು. ಆ ಓರೆಯನ್ನು ವಿವರಿಸಲು 1993ರಲ್ಲಿ ಹೆಸ್ಟನ್, 1994ರಲ್ಲಿ ಡುಪೀರ್ ಬೇರೆ ಬೇರೆ ದಾರಿ ಹಿಡಿದರು. ಹೆಸ್ಟನ್‌ನಲ್ಲಿ ವೊಲಾಟಿಲಿಟಿ ತಾನೇ ಅಲುಗಾಡುತ್ತದೆ. ಡುಪೀರ್‌ನಲ್ಲಿ ಅದು ಬೆಲೆ ಮತ್ತು ಸಮಯವನ್ನು ನೋಡಿಕೊಂಡು ಬದಲಾಗುತ್ತದೆ. ಈ ವ್ಯತ್ಯಾಸ ನಿಮ್ಮ ಮಾತಿನಲ್ಲಿ ಹೇಳಲು ಬಂದರೆ ಸಾಕು.

ಒಂದು ಮನೆಕೆಲಸ ಕೊಡಲಾ? 2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ, ನಿಫ್ಟಿ ಸುಮಾರು ಶೇ. 6 ಬಿತ್ತು. ಮರುದಿನ ಇಂಡಿಯಾ ವಿಕ್ಸ್ (ನಿಫ್ಟಿ ಆಪ್ಶನ್ ಬೆಲೆಗಳಿಂದ ತೆಗೆದ ಏರಿಳಿತದ ಸೂಚ್ಯಂಕ) ಜೋರಾಗಿ ಇಳಿಯಿತು. ಆ ವಾರದ ಐವಿ ಎಲ್ಲ ಸ್ಟ್ರೈಕಿಗೂ ತೆಗೆದು, ಯಾಕೆ ಹಾಗಾಯಿತು ಅಂತ ಎರಡು ಪುಟ ಬರೆಯಿರಿ. ರೆಸ್ಯೂಮೆ ಜೊತೆ ಅದನ್ನೇ ಕಳಿಸಿ. ಸ್ವಂತ ದುಡ್ಡು ಹಾಕಿ ಕಲಿಯುವುದು ಮಾತ್ರ ಬೇಡ. ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಶನ್ಸ್) ವಹಿವಾಟು ಮಾಡಿದ ಸಾಮಾನ್ಯ ಜನರಲ್ಲಿ 100ಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ ಅಂತ ಮಾರುಕಟ್ಟೆ ನಿಯಂತ್ರಕ ಸೆಬಿಯೇ 2024ರಲ್ಲಿ ಹೇಳಿದೆ.

ಗದಗಿನವ, ಡೊಂಬಿವಲಿ

ಅಣ್ಣಾ, 24,045 ಹಾಕಿದೆ. ಎರಡೂ 16.0! ಲೋಕಲ್‌ನಲ್ಲಿ ನಿಂತುಕೊಂಡೇ ಫೋನಿನಲ್ಲಿ ಓಡಿಸಿ ನೋಡಿದೆ, ಘಾಟ್‌ಕೋಪರ್ ದಾಟಿದ್ದೇ ಗೊತ್ತಾಗಲಿಲ್ಲ. ಅಕ್ಕಾ, ಅಪ್ಪನಿಗೆ ಫೋನ್ ಮಾಡಿ ಹೊಲದ ಮಾತು ನಿಲ್ಲಿಸಿ ಅಂದೆ. "ಹಂಗಾರ ಈ ಸಲ ಕಡ್ಲಿ ಬಿತ್ತತೀನಿ" ಅಂದರು. ಮೇ 27ರಿಂದ ಜೂನ್ 7ರವರೆಗಿನ ಭಾವ್‌ಕಾಪಿ ಇಳಿಸಿಕೊಂಡಿದ್ದೇನೆ. ಭಾನುವಾರ ಕೂರುತ್ತೇನೆ.